ಕರಡಿಯ ಬೆವರು

ಮಕ್ಕಳ ಉದ್ಯಾನದಲ್ಲಿ ಕರಡಿ ವೇಷ ಹಾಕುವವನ ಹೆಂಡತಿಗೆ ಅಲ್ಲಿನವರು ಇಟ್ಟ ಹೆಸರು ಕರಡಿಯಮ್ಮ. ಅವಳೇನೂ ಬೇಜಾರು ಮಾಡಿಕೊಂಡವಳಲ್ಲ. ವೇಷದೊಳಗಿನ ಗಂಡನಿಗೆ ಕರಡಿಯ ಬಾಯಿ ಸಂದಿಯಲ್ಲಿ ಕಂಡಷ್ಟೇ ಲೋಕ. ಹಾಗಾಗಿ ಅವನ ಪಂಜ ಹಿಡಿದು ನಡೆಸುವುದು, ಮೋಟು ಬಾಲ ಎಳೆಯುವ ಪುಂಡರನ್ನು ಗದರಿಸುವುದು ಅವಳ ಕೆಲಸ. ಮದುವೆ ದಿನ ಅವರು ನನ್ನ ಕೈ ಹಿಡಿದರು, ಆಮೇಲೆಲ್ಲ ನಾನೇ ಅವರ ಕೈ ಹಿಡಿದಿದ್ದೇನೆ ಎಂದು ಟಿಕೆಟ್ ಕೊಡುವವಳ ಹತ್ತಿರ ಹೇಳಿಕೊಂಡು ನಗುತ್ತಿದ್ದಳು.

ಕರಡಿ ಅಂದರೆ ಅವನೇ ಕರಡಿ. ಹೆದರಿ ಅಳುವ ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಗುವಿಗಿಂತ ಹೆಚ್ಚು ಹೆದರಿದವನಂತೆ ಮುಖ ಮುಚ್ಚಿಕೊಳ್ಳುತ್ತಿದ್ದ. ಮಗು ಅಳು ಮರೆತು ಅವನಿಗೇ ಸಮಾಧಾನ ಹೇಳುತ್ತಿತ್ತು. ಎಷ್ಟು ಸಲ ನೋಡಿದರೂ ಅವಳಿಗೆ ಸಾಕೆನಿಸಿರಲಿಲ್ಲ. ಅವನದೊಂದು ವ್ರತವಿತ್ತು: ಮಕ್ಕಳೆದುರು ಕರಡಿ ಮಾತಾಡಕೂಡದು, ತಲೆ ತೆಗೆಯಕೂಡದು. ಸೆಕೆ ತಡೆಯದಾದರೆ ನನ್ನ ಕೈ ಅದುಮಿ ಎಂದು ಅವಳು ಹೇಳಿಕೊಟ್ಟಿದ್ದಳು. ಪುಣ್ಯಾತ್ಮ ಒಮ್ಮೆಯಾದರೂ ಅದುಮಬೇಕಲ್ಲ. ಸಂಜೆ ಅವನ ಬನಿಯನ್ ಹಿಂಡಿದರೆ ಬಕೆಟ್ಟಿನ ತಳ ತುಂಬುತ್ತಿತ್ತು.

ಈ ಬೇಸಿಗೆಯಲ್ಲಿ ಅವನ ತಂಗಿಯ ಮಗಳು ಬಂದು ಮಾವನ ಬೆನ್ನಿಗೆ ಒಂದು ಪಟ್ಟಿ ಅಂಟಿಸಿದಳು. ಅಂಥವನ್ನು ತಯಾರಿಸುವ ಕಡೆಯೇ ಅವಳಿಗೆ ಕೆಲಸ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ವಸ್ತು. ಸೂಜಿಯಿಲ್ಲ, ರಕ್ತವಿಲ್ಲ, ಬೆವರನ್ನೇ ಕೂದಲೆಳೆಯಂಥ ಕಾಲುವೆಗಳಲ್ಲಿ ಹರಿಸಿಕೊಂಡು, ಮೈಯಿಂದ ನೀರೆಷ್ಟು ಹೋಯಿತು, ಉಪ್ಪೆಷ್ಟು ಹೋಯಿತು ಎಂದು ಅತ್ತೆಯ ಮೊಬೈಲಿಗೆ ತಿಳಿಸುತ್ತಿತ್ತು.

"ನನ್ನ ಮೈ ನಂಗೊತ್ತಿಲ್ವಾ? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?" ಎಂದು ಅವನು ಮೂಗು ಮುರಿದ.

ಕರಡಿಯಮ್ಮನಿಗೋ ಬೆರಗೇ ಬೆರಗು. ಇಷ್ಟು ವರ್ಷ ಈ ಮನುಷ್ಯನ ಬಾಯಿಂದ ಹೊರಡದ ಸುದ್ದಿ ಈಗ ಬೆನ್ನಿಂದ ಹೊರಡುತ್ತಿತ್ತಲ್ಲ. ಉಪ್ಪು ಇಳಿದ ಸುದ್ದಿ ಬಂದಾಗಲೆಲ್ಲ ಅವನನ್ನು ಸಾಮಾನು ಕೋಣೆಗೆ ಎಳೆದೊಯ್ದು ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿಸುತ್ತಿದ್ದಳು. ಆ ಪಟ್ಟಿ ಮಾಡಿದವರ ಹೊಟ್ಟೆ ತಣ್ಣಗಿರಲಿ ಎಂದು ದಿನಾ ಮನಸ್ಸಿನಲ್ಲೇ ಹರಸುತ್ತಿದ್ದಳು.

ಅವತ್ತು ಒಂದಿಡೀ ಶಾಲೆಯೇ ಬಂದಿತ್ತು. ಎಲೆ ಅಲ್ಲಾಡುವಷ್ಟೂ ಗಾಳಿಯಿರಲಿಲ್ಲ. ಕರಡಿ ಕುಣಿಯುತ್ತಿರುವಾಗ ಅವಳ ಮೊಬೈಲು ಗುಂಯ್ ಅಂದಿತು. 'ಬೆವರು ಸಿಗುತ್ತಿಲ್ಲ' ಎಂದು ಬಂದಿತ್ತು. ಕುಣಿತಕ್ಕೆ ಪಟ್ಟಿ ಕಿತ್ತುಬಂದಿದೆ ಅಂದುಕೊಂಡಳು. ಸರಿಯಾಗಿ ಒತ್ತಿ ಅಂಟಿಸೋಣವೆಂದು ವೇಷದ ಬೆನ್ನಿನ ಜಿಪ್ ಸ್ವಲ್ಪ ಇಳಿಸಿ ಕೈ ತೂರಿಸಿದಳು. ಪಟ್ಟಿ ಭದ್ರವಾಗಿಯೇ ಇತ್ತು. ಅದರ ಸುತ್ತಲಿನ ಚರ್ಮ ಕಾದ ಕಾವಲಿಯ ಹಾಗೆ ಸುಡುತ್ತಿತ್ತು, ಬನಿಯನ್ ಆಗಲೇ ಒಣಗುತ್ತಿತ್ತು. ಪಟ್ಟಿ ಸುಳ್ಳು ಹೇಳಿರಲಿಲ್ಲ, ಬೆವರೇ ನಿಂತುಹೋಗಿತ್ತು.

ಕೋಣೆಯ ಕಡೆ ಎಳೆದರೆ ಕರಡಿ ಜಗ್ಗಲಿಲ್ಲ. ಎರಡು ಹೆಜ್ಜೆ ಅಡ್ಡಾದಿಡ್ಡಿ ಇಟ್ಟು ಅಲ್ಲೇ ಕುಸಿದು ಕೂತಿತು. ಮಕ್ಕಳು ಅದನ್ನೂ ಆಟವೆಂದುಕೊಂಡು ಚಪ್ಪಾಳೆ ತಟ್ಟಿದರು. ಅವಳು ಕರಡಿಯ ತಲೆಗೆ ಕೈ ಹಾಕಿದಳು. ಅರೆಪ್ರಜ್ಞೆಯಲ್ಲೂ ಅವನು ಎರಡೂ ಪಂಜಗಳಿಂದ ತಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವಳು ಒಂದೊಂದೇ ಪಂಜ ಬಿಡಿಸಿ, ಅಷ್ಟೂ ಮಕ್ಕಳ ಕಣ್ಣೆದುರಿಗೆ, ತಲೆಯನ್ನು ಕಿತ್ತು ಪಕ್ಕಕ್ಕಿಟ್ಟಳು. ಚಪ್ಪಾಳೆ ನಿಂತಿತು. ಚಿಕ್ಕವರು ಕೆಲವರು ಅತ್ತರು. ಅವಳು ಯಾರತ್ತಲೂ ನೋಡದೆ ಗಿಡಗಳಿಗೆ ಬಿಡುವ ಪೈಪು ತಂದು ಅವನ ನೆತ್ತಿಗೆ ನೀರು ಬಿಟ್ಟಳು.

ಮೈ ಕಾದು ಬೆವರು ನಿಂತರೆ ಜೀವಕ್ಕೇ ಅಪಾಯ, ಇನ್ನಷ್ಟು ಹೊತ್ತು ಕುಣಿದಿದ್ದರೆ ತಮ್ಮ ಕೈಯಲ್ಲೂ ಏನೂ ಇರುತ್ತಿರಲಿಲ್ಲ ಎಂದು ಆಸ್ಪತ್ರೆಯ ಡಾಕ್ಟರು ಹೇಳಿದರು. ಆ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ ಮೆಚ್ಚಿಕೊಂಡರು.

ಕಣ್ಣು ಬಿಟ್ಟವನು ಮೊದಲು ಕೇಳಿದ್ದು, "ಮಕ್ಕಳ ಮುಂದೇನೇ ತೆಗೆದ್ಯಾ?"

"ಹೂಂ, ತೆಗೆದೆ."

"ಕರಡಿ ಸತ್ತೋಯ್ತಲ್ಲೇ."

"ಸಾಯ್ಲಿ ಬಿಡಿ," ಎಂದಳು. ಅಲ್ಲಿಯವರೆಗೆ ತಡೆದಿದ್ದ ಅಳು ಒತ್ತರಿಸಿ ಬಂತು. "ನಾನು ಕರಡೀನ ಕಟ್ಕೊಂಡಿಲ್ಲ ಕಣ್ರೀ, ನಿಮ್ಮನ್ನ ಕಟ್ಕೊಂಡಿದ್ದು."

ಅವನು ಗೋಡೆಯ ಕಡೆ ತಿರುಗಿಕೊಂಡ. ಎಷ್ಟೋ ಹೊತ್ತಿನ ಮೇಲೆ ಅವನು ನಿಧಾನವಾಗಿ ಈ ಕಡೆ ಹೊರಳಿದ.

"ಬಾಯಾರ್ತಿದೆ ಕಣೇ," ಎಂದ. "ಒಂದು ಸ್ವಲ್ಪ ನೀರು ಕೊಡ್ತೀಯಾ?"

ಇಷ್ಟು ವರ್ಷಗಳಲ್ಲಿ ಅವನು ತಾನಾಗಿ ನೀರು ಕೇಳಿದ್ದು ಅದೇ ಮೊದಲು. ಅವಳು ಲೋಟ ತುಂಬಿಸಲು ಎದ್ದಳು.