ಅಪ್ಪು ಯಾರು?

ಶೋಭಾರಾಣಿ ಹೆಣದ ಪಕ್ಕ ಕುಳಿತು ಅತ್ತೆಯ ಮೊಬೈಲಿನಲ್ಲಿ ಒಂದೊಂದೇ ಹೆಸರು ಸರಿಸುತ್ತಿದ್ದಳು. ಅಳುವ ಹೊತ್ತಿನಲ್ಲಿ ಸೊಸೆ ಮೊಬೈಲು ಒತ್ತುತ್ತಾಳೆಂದು ಶಿಡ್ಲಘಟ್ಟದ ಆ ಬೀದಿಯ ಹೆಂಗಸರು ಮೂಗು ಮುರಿದರು. ಮುರಿಯಲಿ. ಹೊರಗೆ ಚಟ್ಟ ಕಟ್ಟುತ್ತಿದ್ದರು. ಅದು ಏಳುವುದರೊಳಗೆ ಅತ್ತೆ ಚಿಕ್ಕಮುನಿಯಮ್ಮನಿಗೆ ಸಾಲ ಕೊಟ್ಟವನ ನಂಬರು ಸಿಗಲೇಬೇಕಿತ್ತು.

"ಫೈನಾನ್ಸ್ ಅಂತಾನೂ ಇಲ್ಲ, ಸಾಲ ಅಂತಾನೂ ಇಲ್ಲ."

ಗಂಡ ಜಗನ್ ಬಗ್ಗಿ ಪಿಸುಗುಟ್ಟಿದ. "ಸುಮ್ನಿರೇ. ಅಮ್ಮನ ಸಾಲ ಅಮ್ಮನ ಜೊತೇಲೇ ಹೋಗ್ಲಿ ಬಿಡು."

"ಹೋಗಲ್ಲ ಕಣ್ರೀ. ಅವ್ನಾಗಿ ಬಂದು ಹಿಡಿಯೋಕೆ ಮುಂಚೆ ನಾನೇ ಮಾತಾಡ್ಬೇಕು. ಮಾವನ ದಿನ ನೋಡ್ಲಿಲ್ವಾ?"

\*

ಮಾವ ತೀರಿಕೊಂಡ ದಿನ ಕುಲದ ಹಿರಿಯ ಚೆನ್ನರಾಯಪ್ಪ ವಾಡಿಕೆಯಂತೆ ಕೇಳಿದ್ದರು. "ಇವನು ಯಾರಿಗಾದ್ರೂ ಕೊಡೋದಿದ್ರೆ ಈಗ್ಲೇ ಹೇಳ್ರಪ್ಪ."

ಬಡ್ಡಿಯವನೊಬ್ಬ ಮುಂದೆ ಬಂದು ಚಟ್ಟ ಏಳದಂತೆ ಬಿದಿರು ಹಿಡಿದ. ಚಿಕ್ಕಮುನಿಯಮ್ಮ ಕಿವಿಯೋಲೆ ಬಿಚ್ಚಿ ಕೊಟ್ಟ ಮೇಲೆಯೇ ಬಿಟ್ಟದ್ದು.

ಆಮೇಲೆ ಅವಳು ಬಿಸಿನೀರಿನಲ್ಲಿ ಕೈಯಿಟ್ಟು, ಗೂಡಿನಿಂದ ರೇಷ್ಮೆ ತೆಗೆದು ಮನೆ ನಡೆಸಿದಳು. ಸಾಲ ಮಾಡಿದ್ದು ಒಂದೇ ಸಲ, ಸೊಸೆಯ ಹೊಲಿಗೆ ಮಿಷನ್ನಿಗೆ. ಆಸ್ಪತ್ರೆಯಲ್ಲಿ ಸೊಸೆಯ ಕೈ ಹಿಡಿದು ಹೇಳಿದ್ದಳು: "ಕೊಟ್ಟೋನ ನಂಬರ್ ಫೋನಲ್ಲಿದೆ ಕಣಮ್ಮ. ನನ್ನ ಚಟ್ಟಾನ ಮಾತ್ರ ಯಾರೂ ಹಿಡೀಬಾರ್ದು."

\*

"ಮುನಿಲಕ್ಷ್ಮಕ್ಕ, ಯಾರಿದು ಅಪ್ಪು? ನೆಂಟರ ಮಗೂನಾ?"

ಅಳುತ್ತಿದ್ದ ಪಕ್ಕದ ಮನೆಯ ಮುನಿಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ತಿಪಟೂರೋಳೇ! ಅಪ್ಪು ಅಂದ್ರೆ ತೆಲುಗಲ್ಲಿ ಸಾಲ ಕಣಮ್ಮ. ನಿಮ್ಮತ್ತೆ ಹೇಳಿದ್ದನ್ನೇ ಮೊಬೈಲ್ ಅಂಗಡಿಯೋನು ಹಾಕ್ಕೊಟ್ಟವ್ನೆ."

ಬೆಳಗ್ಗಿನಿಂದ ಶೋಭಾರಾಣಿ ಆ ಹೆಸರನ್ನು ಯಾರದೋ ಮುದ್ದು ಮಗುವೆಂದು ದಾಟಿಕೊಂಡು ಹೋಗಿದ್ದಳು. ಹಿತ್ತಲಿಗೆ ಓಡಿ ಫೋನು ಮಾಡಿದಳು. "ಅಲ್ಲೇ ಬರ್ತೀನಿ," ಎಂದಷ್ಟೇ ಹೇಳಿ ಆ ಕಡೆಯವನು ಇಟ್ಟುಬಿಟ್ಟ.

ಫೋನಿನಲ್ಲಿ ಮಾತಾಡಿದ್ದ ವಸೂಲಿಯ ಮುನೇಶ್ ಬೈಕು ನಿಲ್ಲಿಸಿದಾಗ ಹೆಣವನ್ನು ಚಟ್ಟದ ಮೇಲೆ ಮಲಗಿಸಿಯಾಗಿತ್ತು. ಚೆನ್ನರಾಯಪ್ಪ ಅದೇ ಮಾತು ಕೇಳಿದರು. ಬೆಂಕಿಯ ಮಡಕೆ ಹಿಡಿದಿದ್ದ ಜಗನ್ ನೆಲ ನೋಡಿದ. ಮುನೇಶ್ ಬಿದಿರಿನ ಕಡೆ ಹೆಜ್ಜೆಯಿಟ್ಟ.

ಶೋಭಾರಾಣಿ ಅಡ್ಡ ನಿಂತಳು.

"ಅತ್ತೆ ಯಾರಿಗೂ ಕೊಡೋದೇನೂ ಇಲ್ಲ. ಮಿಷನ್ ನಂದು, ಸಾಲಾನೂ ನಂದೇ. ನನ್ನ ನಂಬರ್ ತಗೊಳ್ಳಿ."

ಇಡೀ ಬೀದಿಗೆ ಕೇಳುವಂತೆ ಒಂದೊಂದೇ ಅಂಕಿ ಹೇಳಿದಳು. ಮುನೇಶ್ ಒತ್ತಿಕೊಂಡ.

"ಏನಂತ ಹೆಸ್ರು ಹಾಕ್ಲಮ್ಮ?"

"ಚಿಕ್ಕಮುನಿಯಮ್ಮನ ಸೊಸೆ ಅಂತ ಹಾಕ್ಕೊಳ್ಳಿ."

ಅವನು ಮಿಸ್ಡ್ ಕಾಲ್ ಕೊಟ್ಟು ನೋಡಿದ. ಅವಳ ಸೊಂಟದಲ್ಲಿ ಫೋನು ಹೊಡೆದುಕೊಂಡಿತು. ಮುನೇಶ್ ಮೊಬೈಲು ಜೇಬಿಗಿಳಿಸಿ, ಬೈಕನ್ನು ಗೋಡೆಗೆ ಒತ್ತಿ ಚಟ್ಟಕ್ಕೆ ದಾರಿ ಬಿಟ್ಟ.