ಷಡಕ್ಷರಪ್ಪನವರ ಅರಿಷ್ಟದ ಮುಚ್ಚಳ

ನಾನು ಅರಿಷ್ಟದ ಬಾಟಲಿಯ ತಲೆ ಮೇಲೆ ಕೂರುವ ಅಳತೆ ಮುಚ್ಚಳ. ಬಿಳಿ ಪ್ಲಾಸ್ಟಿಕ್ಕಿನವನು, ಹೆಬ್ಬೆರಳಿನಷ್ಟು ಎತ್ತರ. ಇಂಥವನಿಗೂ ಒಂದು ಆತ್ಮಕಥೆಯೇ ಅಂತ ನೀವು ನಗಬಹುದು. ನಗಿ, ತಪ್ಪಿಲ್ಲ. ನನಗೂ ಹೇಳುವ ಉಮೇದು ಅಷ್ಟಾಗಿ ಉಳಿದಿಲ್ಲ. ಆದರೆ ಡ್ರೈವರ್ ಷಡಕ್ಷರಪ್ಪನವರ ತುಟಿಗೆ ನನ್ನಷ್ಟು ಹತ್ತಿರ ಹೋದವರು ಬೇರೆ ಯಾರೂ ಇಲ್ಲವಲ್ಲ, ಅದಕ್ಕೇ ಬಾಯಿ ಬಿಡುತ್ತಿದ್ದೇನೆ.

ನಾನು ಹುಟ್ಟಿದ್ದು ಊರಾಚೆಯ ಒಂದು ತಗಡಿನ ಶೆಡ್ಡಿನಲ್ಲಿ. ಅಲ್ಲಿ ಪ್ಲಾಸ್ಟಿಕ್ ಕಾಳನ್ನು ಕರಗಿಸಿ ಅಚ್ಚಿಗೆ ಒತ್ತುತ್ತಾರೆ. ಒಂದು ಸಲ ಒತ್ತಿದರೆ ಇಪ್ಪತ್ನಾಲ್ಕು ಮಕ್ಕಳು. ಹೆಸರಿಲ್ಲ, ನಾಮಕರಣವಿಲ್ಲ, ಹೊಟ್ಟೆಯೊಳಗೆ ಐದು, ಹತ್ತು, ಹದಿನೈದು ಅಂತ ಮೂರು ಗೆರೆ ಮಾತ್ರ. ಆಮೇಲೆ ಗೋಣಿಯಲ್ಲಿ ತುಂಬಿ ಔಷಧಿ ಕಾರ್ಖಾನೆಗೆ ಕಳಿಸಿದರು. ಅಲ್ಲಿ ನನ್ನನ್ನು ‘ನಿದ್ರಾನಂದ ಅರಿಷ್ಟ’ ಅನ್ನುವ ಕಂದು ಬಾಟಲಿಯ ಮೇಲೆ ಕೂರಿಸಿದರು. ಬಾಟಲಿಯ ಮುಂದೆ ತಲೆದಿಂಬಿನ ಮೇಲೆ ನಗುತ್ತಾ ಮಲಗಿದ ಗಂಡಸಿನ ಚಿತ್ರ. ಹಿಂದೆ ಇರುವೆ ಸಾಲಿನಂಥ ಅಕ್ಷರ. ಅದರಲ್ಲಿ ಎಲ್ಲೋ ಒಂದು ಕಡೆ, ಈ ಔಷಧಿಯಲ್ಲಿ ತಾನಾಗೇ ಹುಟ್ಟಿದ ಆಲ್ಕೋಹಾಲ್ ಇದೆ ಅಂತ ಬರೆದಿತ್ತು. ಸುಳ್ಳು ಹೇಳಬಾರದು, ಬರೆದೇ ಇತ್ತು. ಓದುವವರು ಯಾರು?

ಕಲ್ಲುಕೆರೆಯ ಪಾಂಡುರಂಗ ಶೆಟ್ಟರ ಗ್ರಂಧಿಗೆ ಅಂಗಡಿಯಲ್ಲಿ, ಅಳಲೆಕಾಯಿ ಡಬ್ಬದ ಪಕ್ಕ, ನಾಲ್ಕು ತಿಂಗಳು ಧೂಳು ಕುಡಿದೆ. ಒಂದು ದಿನ ಸಂಜೆ ಖಾಕಿ ತೊಟ್ಟವರೊಬ್ಬರು ಹೆಂಡತಿಯ ಜೊತೆ ಬಂದರು. ಹಣೆಯಲ್ಲಿ ಮೂರು ಗೆರೆ ವಿಭೂತಿ, ಕೊರಳಲ್ಲಿ ಲಿಂಗ, ಕಣ್ಣಿನ ಕೆಳಗೆ ಎರಡು ಕಪ್ಪು ಚೀಲ. ಅವರೇ ಷಡಕ್ಷರಪ್ಪ. ಸರ್ಕಾರಿ ಬಸ್ಸಿನಲ್ಲಿ ಇಪ್ಪತ್ತಾರು ವರ್ಷ ಸರ್ವಿಸ್ಸು. ಹೆಂಡತಿ ವಿಶಾಲಾಕ್ಷಮ್ಮ.

“ನಿದ್ದೆ ಹತ್ತಲ್ಲ ಶೆಟ್ರೇ. ಕಣ್ಣು ಮುಚ್ಚಿದ್ರೆ ಎದೆ ಡವಡವ ಅಂತದೆ.”

“ಡಾಕ್ಟ್ರಿಗೆ ತೋರಿಸಿದ್ರಾ?”

“ತೋರಿಸಿದ್ರೆ ನಿದ್ದೆ ಮಾತ್ರೆ ಬರೀತಾರೆ. ಮಾತ್ರೆ ತಗೋತಾನೆ ಅಂತ ಡಿಪೋದಲ್ಲಿ ಗೊತ್ತಾದ್ರೆ ಮುಗೀತು, ಸ್ಟೇರಿಂಗು ಕೈಯಿಂದ ಕಿತ್ಕೋತಾರೆ. ಸ್ಟೇರಿಂಗ್ ಬಿಟ್ರೆ ನಾನ್ಯಾರು ಹೇಳಿ?”

ಆಗಿದ್ದು ಇಷ್ಟು. ರೈಲ್ವೆ ಗೇಟಿನ ಹತ್ತಿರ ಸೈಕಲ್ ಮೇಲಿದ್ದ ಒಬ್ಬ ಸ್ಕೂಲು ಹುಡುಗಿ ಬಸ್ಸಿನ ಮುಂದೆ ಬಿದ್ದಳು. ಇವರು ಬ್ರೇಕ್ ಒತ್ತಿ ಎದ್ದು ನಿಂತುಬಿಟ್ಟರು. ಸೈಕಲ್ಲಿನ ಹಿಂದಿನ ಚಕ್ರ ಹಪ್ಪಳವಾಯಿತು. ಹುಡುಗಿಯ ಮೊಣಕೈ ತರಚಿತು, ಅಷ್ಟೇ. ಜನ ಕೈಮುಗಿದರು, ಡಿಪೋದಲ್ಲಿ ಹಾರ ಹಾಕಿದರು. ಅಂದಿನಿಂದ ಇವರಿಗೆ ನಿದ್ದೆ ಇಲ್ಲ. ಏನಾದರೂ ಆಗಿದ್ದರೆ ನಾಲ್ಕು ಜನ ಸಮಾಧಾನ ಹೇಳುತ್ತಿದ್ದರು. ಆಗದೇ ಹೋದದ್ದಕ್ಕೆ ಯಾರು ಏನು ಹೇಳುತ್ತಾರೆ?

ಶೆಟ್ಟರು ನನ್ನನ್ನು ಕೆಳಗಿಳಿಸಿ ಪಂಚೆಯ ಅಂಚಿನಿಂದ ಒರೆಸಿದರು. “ಇದು ತಗೊಳ್ಳಿ. ಚೀಟಿ ಬೇಡ, ಪಾಟಿ ಬೇಡ. ನಾರು ಬೇರಿನ ಔಷಧಿ. ಸೈಡ್ ಎಫೆಕ್ಟ್ ಅನ್ನೋ ಮಾತೇ ಇಲ್ಲ.”

ಆ ಮನೆಯಲ್ಲಿ ನನಗೆ ಸಿಕ್ಕ ಮರ್ಯಾದೆ ಏನು ಕೇಳುತ್ತೀರಿ! ಷಡಕ್ಷರಪ್ಪನವರು ಹೋಟೆಲ್ಲಿನ ಕಾಫಿಯನ್ನೂ ಮುಟ್ಟದವರು. ಹೆಂಡ ಕುಡಿದವನು ಪಕ್ಕದಲ್ಲಿ ಕೂತರೆ ಎದ್ದು ಹೋಗುವವರು. ಅಂಥವರು ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಊಟ ಮಾಡಿ, ನನ್ನನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಹದಿನೈದರ ಗೆರೆಗೆ ಸರಿಯಾಗಿ ತುಂಬಿ, ತೀರ್ಥದ ಹಾಗೆ ಕುಡಿಯುತ್ತಿದ್ದರು. ರಾತ್ರಿ ಇನ್ನೊಂದು ಸಲ. ನಾಲ್ಕನೆಯ ದಿನ ಅವರು ಗೊರಕೆ ಹೊಡೆದರು. ವಿಶಾಲಾಕ್ಷಮ್ಮ ನನ್ನನ್ನು ಬಿಸಿನೀರಿನಲ್ಲಿ ತೊಳೆದು ದೇವರ ಗೂಡಿನ ಕೆಳಗಿಟ್ಟರು. ನಾನೂ ಉಬ್ಬಿದೆ. ನನ್ನಿಂದಲೇ ಒಬ್ಬ ಮನುಷ್ಯ ಮಲಗಿದ ಅನ್ನಿಸಿತು.

ಎರಡು ವಾರ ಅಷ್ಟೇ. ಆಮೇಲೆ ಹದಿನೈದು ಸಾಲದಾಯಿತು.

“ಇನ್ನೊಂದು ಮುಚ್ಚಳ ಹಾಕ್ಲಾ? ನಾರು ಬೇರು ತಾನೆ,” ಅಂದವರು ವಿಶಾಲಾಕ್ಷಮ್ಮನೇ. ಪಾಪ, ಅವರಿಗೆ ಗಂಡ ಮಲಗಿದರೆ ಸಾಕಿತ್ತು. ಇಂಗ್ಲಿಷ್ ಮಾತ್ರೆ ಆಗಿದ್ದರೆ ಅರ್ಧ ಹೆಚ್ಚು ಕೊಡಲೂ ಆಕೆ ಹೆದರುತ್ತಿದ್ದರು. ಆಯುರ್ವೇದ ಅಂದಕೂಡಲೇ ನಮ್ಮ ಜನಕ್ಕೆ ಎಲ್ಲಿಲ್ಲದ ಧೈರ್ಯ. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಗೆರೆ ನೋಡುವುದು ನಿಂತುಹೋಯಿತು. ಕಂಠದ ತನಕ ತುಂಬಿ ತುಳುಕಿಸಿ ಕುಡಿಯತೊಡಗಿದರು. ತಿಂಗಳಿಗೊಂದು ಬಾಟಲಿ ಹೋಗಿ ನಾಲ್ಕು ದಿನಕ್ಕೊಂದು ಬಾಟಲಿ ಬಂತು. ಹಳೆ ಬಾಟಲಿ ಗುಜರಿಗೆ ಹೋಗುತ್ತಿತ್ತು, ನಾನು ಮಾತ್ರ ಉಳಿಯುತ್ತಿದ್ದೆ. ನನ್ನದು ಕೈಗುಣ ಅಂತ ಅವರಿಗೆ ನಂಬಿಕೆ.

ಅದೂ ಸಾಲದೆ ಬಸ್ ಸ್ಟ್ಯಾಂಡಿನ ಬೀಡಾ ಅಂಗಡಿಯ ‘ನೆಮ್ಮದಿ ವಟಿ’ ಸೇರಿಕೊಂಡಿತು. ಬೆಳ್ಳಿ ಬಣ್ಣದ ಪೊಟ್ಟಣದಲ್ಲಿ ಕರಿ ಗೋಲಿ. “ಜೀರ್ಣಕ್ಕೂ ಒಳ್ಳೇದು, ಮನಸ್ಸಿಗೂ ಒಳ್ಳೇದು. ನೋಡಿ ಸಾರ್, ಲೈಸೆನ್ಸ್ ನಂಬರೇ ಐತೆ” ಅಂದ ಅಂಗಡಿಯವನು. ನಂಬರು ಇತ್ತು, ಹೌದು. ಆ ಗೋಲಿಯಲ್ಲಿ ಭಂಗಿ ಸೊಪ್ಪು ಇದೆ ಅಂತ ಊರಿಗೆಲ್ಲ ಗೊತ್ತು, ಇವರೊಬ್ಬರಿಗೆ ಗೊತ್ತಿಲ್ಲ. ಗೊತ್ತಿರಲಿಲ್ಲವೋ, ಗೊತ್ತು ಮಾಡಿಕೊಳ್ಳಲಿಲ್ಲವೋ, ಆ ವಿಚಾರ ನಾನು ಬಾಯಿಬಿಟ್ಟು ಹೇಳಲಾರೆ. ಆ ಹೊತ್ತಿಗೆ ನಾನು ಗೂಡಿನ ಕೆಳಗಿನಿಂದ ಖಾಕಿ ಜೇಬಿಗೆ ಇಳಿದಿದ್ದೆ. ಊಟದ ಡಬ್ಬಿಯ ಚೀಲದಲ್ಲಿ ನೀರಿನ ಬಾಟಲಿ, ಅದರೊಳಗೆ ಅರಿಷ್ಟ.

ಡಿಪೋ ಗೇಟಿನಲ್ಲಿ ಡ್ರೈವರುಗಳೆಲ್ಲ ಬೆಳಿಗ್ಗೆ ಒಂದು ಮಿಷನ್ನಿಗೆ ಊದಿ ಹೋಗಬೇಕು. ಕುಡಿದಿದ್ದರೆ ಅದು ಕೂಗುತ್ತದೆ. ನನ್ನ ಎದೆ ಪುಕಪುಕ ಅನ್ನುತ್ತಿತ್ತು. ಆದರೆ ಸೆಕ್ಯೂರಿಟಿಯ ಜವರಪ್ಪ ಇವರನ್ನು ಒಂದು ದಿನವೂ ಊದಿಸಲಿಲ್ಲ. “ಅಯ್ಯೋ ಹೋಗಿ ಬುದ್ಧಿ, ನಿಮ್ಮನ್ನ ಊದಿಸಿದ್ರೆ ಮಿಷನ್ನಿಗೇ ಪಾಪ ಸುತ್ಕೊಳ್ತದೆ!” ಎಲ್ಲರೂ ನಗುತ್ತಿದ್ದರು. ಇಪ್ಪತ್ತಾರು ವರ್ಷದ ಒಳ್ಳೆಯ ಹೆಸರು ದಿನಾ ಬೆಳಿಗ್ಗೆ ಅವರನ್ನು ಗೇಟು ದಾಟಿಸುತ್ತಿತ್ತು.

ಕಂಡಕ್ಟರ್ ಪುಟ್ಟಲಕ್ಷ್ಮಿ ಮಾತ್ರ ನಗುವುದನ್ನು ಬಿಟ್ಟಿದ್ದಳು. ಆರು ವರ್ಷದಿಂದ ಅದೇ ಬಸ್ಸಿನಲ್ಲಿ ಟಿಕೆಟ್ ಹರಿಯುವವಳು, ಇವರನ್ನು ಅಣ್ಣಾ ಅನ್ನುವವಳು. ಮೊದಮೊದಲು ಅಣ್ಣನ ಸಿಡಿಮಿಡಿ ನಿಂತಿತು ಅಂತ ಆಕೆಗೂ ಖುಷಿಯಾಗಿತ್ತು. ಆಮೇಲೆ ಆಕೆ ಟಿಕೆಟ್ ಕೊಡುತ್ತಾ ಕೊಡುತ್ತಾ ಮುಂದಿನ ಗಾಜಿನ ಕಡೆ ನೋಡುವುದು ಹೆಚ್ಚಾಯಿತು.

ಒಂದು ಗುರುವಾರ ಬೆಳಿಗ್ಗೆ, ಎಂಟೂವರೆಯ ಟ್ರಿಪ್ಪು. ಬಸ್ಸಿನ ತುಂಬ ಸ್ಕೂಲು ಮಕ್ಕಳು. ಹೊರಡುವ ಮುಂಚೆ ಇವರು ನನ್ನನ್ನು ನಾಲ್ಕು ಸಲ ತುಂಬಿದ್ದರು, ಮೇಲೆ ಎರಡು ಗೋಲಿ.

“ಅಣ್ಣಾ, ಗೊಲ್ಲರಹಟ್ಟಿ ಸ್ಟಾಪು! ಅಜ್ಜಿ ಕೈ ಅಡ್ಡ ಹಾಕ್ತಿತ್ತು, ಕಾಣ್ಲಿಲ್ವಾ?”

“ಯಾವ ಅಜ್ಜಿ ಪುಟ್ಟೀ?” ಅಂದರು ಇವರು, ತುಂಬ ಸಮಾಧಾನವಾಗಿ. ಆ ಸಮಾಧಾನ ಕೇಳಿಯೇ ನನಗೆ ಭಯವಾಯಿತು.

ಬಸ್ಸು ಮೆಲ್ಲಗೆ ಎಡಕ್ಕೆ ವಾಲಿತು. ಎಡಗಡೆ ಚಕ್ರಗಳು ಮಣ್ಣಿಗಿಳಿದವು. ಮುಂದೆ ಹಳ್ಳದ ಮೋರಿ. ಪುಟ್ಟಲಕ್ಷ್ಮಿ “ಅಣ್ಣಾ! ಬ್ರೇಕು!” ಅಂತ ಕಿರುಚಿ, ಮಕ್ಕಳ ಮೇಲೆ ಹಾದು ಬಂದು ಅವರ ಭುಜ ಹಿಡಿದು ಅಲ್ಲಾಡಿಸಿದಳು. ಬಸ್ಸು ನಿಂತಾಗ ಮೋರಿಯ ಕಲ್ಲಿಗೆ ಒಂದು ಗೇಣು ಬಾಕಿ. ಮಕ್ಕಳು ಆಟ ಅಂದುಕೊಂಡು ಹೋ ಅಂದರು. ಷಡಕ್ಷರಪ್ಪನವರು ಮಾತ್ರ ಅಲ್ಲಿ ಏನಾಯಿತು ಅಂತಲೇ ತಿಳಿಯದವರ ಹಾಗೆ ಕೂತಿದ್ದರು.

“ಇಳೀರಿ ಅಣ್ಣಾ,” ಅಂದಳು ಆಕೆ. ಡಿಪೋಗೆ ಫೋನ್ ಮಾಡಿ ಬೇರೆ ಡ್ರೈವರನ್ನು ಕರೆಸಿದಳು. ಇವರನ್ನು ತಾನೇ ಗೇಟಿಗೆ ಕರೆದುಕೊಂಡು ಹೋಗಿ ಜವರಪ್ಪನಿಗೆ ಹೇಳಿದಳು, “ಊದ್ಸು.”

“ಯಾರನ್ನ? ಬುದ್ಧಿಯವರನ್ನಾ? ನಿಂಗೆ ತಲೆ ಕೆಟ್ಟಿದ್ಯಾ ಲಕ್ಷ್ಮಕ್ಕ?”

“ಊದ್ಸು ಅಂದೆ.”

ಊದಿದರು. ಮಿಷನ್ನು ಕೂಗಿತು. ಅಲ್ಲಿದ್ದವರೆಲ್ಲ ಗೊಳ್ಳನೆ ನಕ್ಕರು. ಮಿಷನ್ ಕೆಟ್ಟಿದೆ ಅಂದರು. ಇನ್ನೊಂದು ಸಲ ಊದಿಸಿದರು. ಇನ್ನೊಂದು ಸಲವೂ ಕೂಗಿತು. ಆಗ ನಗು ನಿಂತಿತು. ಷಡಕ್ಷರಪ್ಪನವರು ಲಿಂಗ ಹಿಡಿದುಕೊಂಡು, “ಶಿವನಾಣೆಗೂ ನಾನು ಹೆಂಡ ಮುಟ್ಟಿಲ್ಲ” ಅಂದರು. ಅವರ ಮಟ್ಟಿಗೆ ಅದು ಸತ್ಯವೇ.

ಮಾರನೆಯ ದಿನ ಮ್ಯಾನೇಜರ್ ಚಂದ್ರಮೌಳಿಯವರ ಕೋಣೆಯಲ್ಲಿ ವಿಚಾರಣೆ. ವಿಚಾರಣೆ ಅಂದರೆ ಹೆಸರಿಗೆ. ಎಲ್ಲರೂ ಅವರನ್ನು ಉಳಿಸಲು ತುದಿಗಾಲಲ್ಲಿ ನಿಂತಿದ್ದರು. ಶೆಟ್ಟರು ಚೀಟಿ ಕೊಟ್ಟಿದ್ದರು, ಇದು ಔಷಧಿ, ಹೆಂಡವಲ್ಲ ಅಂತ. ಮ್ಯಾನೇಜರು ಬಾಟಲಿಯ ಹಿಂದಿನ ಅಕ್ಷರವನ್ನು ಕನ್ನಡಕ ಏರಿಸಿ ಓದಿದರು. “ನೋಡಿ, ಇಲ್ಲೇ ಬರೆದಿದೆ. ಮಿಷನ್ ತೋರಿಸಿದ್ದೂ ಚೂರೇ ಚೂರು. ಊಟ ಆದ್ಮೇಲೆ ಹದಿನೈದು ಎಮ್ಮೆಲ್ ಔಷಧಿ ತಗೊಂಡಿದ್ದೆ ಅಂತ ಬರ್ಕೋತೀನಿ, ಸೈನ್ ಹಾಕಿ. ನಾಳೆಯಿಂದ ಬಸ್ ಹತ್ತಿ. ಏನ್ ಪುಟ್ಟಲಕ್ಷ್ಮಿ, ಇಷ್ಟಕ್ಕೆಲ್ಲ ರಾದ್ಧಾಂತ ಮಾಡ್ತಾರಾ?”

ಪುಟ್ಟಲಕ್ಷ್ಮಿ ಬಾಗಿಲ ಹತ್ತಿರ ನಿಂತಿದ್ದಳು. ಹಿಂದಿನ ದಿನದಿಂದ ಡಿಪೋದಲ್ಲಿ ಆಕೆಯ ಜೊತೆ ಯಾರೂ ಟೀ ಕುಡಿದಿರಲಿಲ್ಲ. ಕಣ್ಣು ಊದಿತ್ತು. ಆಕೆ ಇವರ ಮುಖವನ್ನೇ ನೋಡುತ್ತಿದ್ದಳು.

ಪೆನ್ನು ಕೈಗೆ ಬಂತು. ನಾನು ಜೇಬಿನೊಳಗಿದ್ದೆ, ಅವರ ಎದೆ ಬಡಿತ ನನಗೆ ಗುಡುಗಿನಂತೆ ಕೇಳುತ್ತಿತ್ತು. ಹಾಕಿಬಿಡಪ್ಪ ಸೈನು ಅಂತ ನನಗೂ ಒಂದು ಕ್ಷಣ ಅನ್ನಿಸಿತು, ಯಾಕೆ ಮುಚ್ಚಿಡಲಿ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸ್ಟೇರಿಂಗು ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು.

ಅವರು ಪೆನ್ನು ಕೆಳಗಿಟ್ಟರು. ನನ್ನನ್ನು ತೆಗೆದು ಮೇಜಿನ ಮೇಲಿಟ್ಟರು.

“ಹದಿನೈದಲ್ಲ ಸಾರ್. ಬೆಳಿಗ್ಗೆ ಇದರಲ್ಲಿ ನಾಲ್ಕು, ತುಂಬ. ಮಧ್ಯಾಹ್ನ ಎರಡು. ರಾತ್ರಿ ಲೆಕ್ಕ ಇಲ್ಲ.”

“ಷಡಕ್ಷರಪ್ಪ, ನಾನು ಅದನ್ನ ಕೇಳ್ಲಿಲ್ಲ...”

“ಇದೂ ಐತೆ.” ಬೆಳ್ಳಿ ಪೊಟ್ಟಣ ನನ್ನ ಪಕ್ಕಕ್ಕೆ ಬಂತು. “ನಿಮ್ಮ ಮಿಷನ್ನು ಇದನ್ನ ಹಿಡಿಯಲ್ಲ. ನಿನ್ನೆ ಎರಡು ತಿಂದಿದ್ದೆ. ಅಜ್ಜಿ ನಿಂತಿದ್ದು ನನಗೆ ಕಾಣಲೇ ಇಲ್ಲ ಸಾರ್. ಮೋರಿನೂ ಕಾಣ್ಲಿಲ್ಲ. ಆ ಹೆಣ್ಣುಮಗಳು ಇಲ್ದಿದ್ರೆ ಇವತ್ತು ಊರು ತುಂಬ ಹೆಣ. ನನ್ನ ಕೈಗೆ ಬಸ್ ಕೊಡಬೇಡಿ.”

ಹೇಳಿ ಅಲ್ಲೇ ಕೂತು ಅತ್ತರು. ಆ ದಪ್ಪ ಮೀಸೆಯ ಮನುಷ್ಯ ಮಗುವಿನ ಹಾಗೆ ಅಳುತ್ತಿದ್ದರೆ ಮ್ಯಾನೇಜರು ಫ್ಯಾನಿನ ಕಡೆ ನೋಡಿದರು.

ಆಮೇಲಿನ ತಿಂಗಳುಗಳನ್ನು ನೆನೆದರೆ ಈಗಲೂ ಸುಸ್ತಾಗುತ್ತದೆ. ಮೂರು ತಿಂಗಳು ಸಸ್ಪೆಂಡು. ಜಿಲ್ಲಾ ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ವಾರಕ್ಕೊಂದು ಸಲ. ಮೈ ಬೆವರು, ಕೈ ನಡುಕ, ವಿಶಾಲಾಕ್ಷಮ್ಮನ ಮೇಲೆ ರೇಗಾಟ. ಒಂದು ಸಲ ಶೆಟ್ಟರ ಅಂಗಡಿಯ ತನಕ ಹೋಗಿ ಬರಿಗೈಯಲ್ಲಿ ತಿರುಗಿ ಬಂದರು, ಇನ್ನೊಂದು ಸಲ ಬರಿಗೈಯಲ್ಲಿ ಬರಲಿಲ್ಲ. ಮತ್ತೆ ಮೊದಲಿಂದ ಶುರು. ವಿಶಾಲಾಕ್ಷಮ್ಮ, “ನನ್ನ ಕೈಯಾರೆ ಹೊಯ್ದೆನಲ್ಲ” ಅಂತ ಹಣೆ ಚಚ್ಚಿಕೊಂಡು ನನ್ನನ್ನು ಎರಡು ಸಲ ಕಸದ ಬುಟ್ಟಿಗೆ ಎಸೆದರು. ಎರಡು ಸಲವೂ ಇವರೇ ಎತ್ತಿಕೊಂಡರು. ಇದರದ್ದೇನು ತಪ್ಪು, ಬಿಡು ಅಂದರು. ಆ ಮಾತು ಕೇಳಿ ನನಗೆ ನಾಚಿಕೆಯಾಯಿತು. ಅವರನ್ನು ಕುಡಿಸಿದ್ದು ನಾನಲ್ಲದಿದ್ದರೂ ಉಬ್ಬಿದ್ದು ನಾನೇ ಅಲ್ಲವೇ?

ಕೆಲಸ ಮತ್ತೆ ಸಿಕ್ಕಿತು, ಸ್ಟೇರಿಂಗು ಸಿಗಲಿಲ್ಲ. ಡಿಪೋದ ಟೈರ್ ಸೆಕ್ಷನ್ನಿಗೆ ಹಾಕಿದರು. ಅಲ್ಲಿ ನನ್ನೊಳಗೆ ಟ್ಯೂಬಿನ ವಾಲ್ವ್ ಪಿನ್ನು ತುಂಬಿಕೊಂಡರು. ಈಗ ಅವರು ನಿವೃತ್ತಿಯಾಗಿ ಮೂರು ವರ್ಷವಾಯಿತು. ನಾನು ಅದೇ ಟೈರ್ ಸೆಕ್ಷನ್ನಿನ ಕಿಟಕಿಯ ಮೂಲೆಯಲ್ಲಿ, ಗ್ರೀಸು ಮೆತ್ತಿಕೊಂಡು, ಹಳದಿಯಾಗಿ ಬಿದ್ದಿದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ ಬೆಳ್ಳಿ ಪೊಟ್ಟಣ ಇನ್ನೂ ಮಾರುತ್ತಾರಂತೆ. ಮಾರಲಿ. ದಣಿದವರು ಇರುವ ತನಕ ಕೊಳ್ಳುವವರಿಗೆ ಬರವಿಲ್ಲ. ನಿದ್ದೆಯನ್ನು ಬಾಟಲಿಯಲ್ಲಿ ತುಂಬಬಹುದು ಅಂತ ನಾನೂ ಒಂದು ಕಾಲದಲ್ಲಿ ನಂಬಿದ್ದೆ. ಆ ನಂಬಿಕೆ ಬಿಟ್ಟ ದಿನದ ವಿಷಯ ಹೇಳಿ ಸುಮ್ಮನಾಗುತ್ತೇನೆ.

ಟೈರ್ ಸೆಕ್ಷನ್ನಿಗೆ ಹೋಗಲು ಶುರುಮಾಡಿ ಒಂದು ತಿಂಗಳಾಗಿತ್ತು. ಇವರು ದಿನಾ ಪುಟ್ಟಲಕ್ಷ್ಮಿಯ ಬಸ್ಸಿನಲ್ಲೇ ಡಿಪೋಗೆ ಹೋಗುತ್ತಿದ್ದರು, ಡ್ರೈವರ್ ಹಿಂದಿನ ಸೀಟಿನಲ್ಲಿ. ಬೇರೆಯವನು ಓಡಿಸುತ್ತಿದ್ದ, ಇವರ ಬಲಗಾಲು ಪ್ರತಿ ತಿರುವಿನಲ್ಲೂ ಬಸ್ಸಿನ ನೆಲವನ್ನು ಬ್ರೇಕಿನ ಹಾಗೆ ಒತ್ತುತ್ತಿತ್ತು. ಆ ದಿನ ಬಸ್ಸು ರೈಲ್ವೆ ಗೇಟು ದಾಟಿತು. ಕಾಲು ಒತ್ತಲಿಲ್ಲ. ಆಗಿನ್ನೂ ಜೇಬಿನಲ್ಲೇ ಓಡಾಡುತ್ತಿದ್ದ ನನಗೆ ಎದೆಬಡಿತ ನಿಧಾನವಾದದ್ದು ಗೊತ್ತಾಯಿತು. ತಲೆ ಕಿಟಕಿಯ ಸರಳಿಗೆ ಒರಗಿತು. ಅರಿಷ್ಟವಿಲ್ಲ, ಗೋಲಿಯಿಲ್ಲ, ಜನದ ಗಲಾಟೆಯ ನಡುವೆ ಮನುಷ್ಯ ಮಲಗಿಬಿಟ್ಟ. ಡಿಪೋ ಸ್ಟಾಪು ಬಂದಾಗ ಡ್ರೈವರು ಹಿಂದೆ ತಿರುಗಿ, “ಎಬ್ಬಿಸ್ಲಾ ಅಕ್ಕಾ?” ಅಂದ. ಪುಟ್ಟಲಕ್ಷ್ಮಿ ತುಟಿಯ ಮೇಲೆ ಬೆರಳಿಟ್ಟು ರೈಟ್ ಅಂತ ಕೈಯಾಡಿಸಿದಳು.

ಎಷ್ಟೋ ಹೊತ್ತಾದ ಮೇಲೆ ಷಡಕ್ಷರಪ್ಪನವರು ಗಾಬರಿಯಿಂದ ಎದ್ದು ಕೂತರು.

“ಪುಟ್ಟೀ, ಡಿಪೋ ಬಂತಾ?”

“ಎರಡು ಸಲ ಬಂದು ಹೋಯ್ತಣ್ಣಾ. ಸೆಕ್ಷನ್ನಿಗೆ ನಾನೇ ಹೇಳಿದ್ದೀನಿ. ನೀವು ಮಲ್ಕೊಳ್ಳಿ.”