ಅವ್ವ ಆರಿಸಿದ ಹುಲ್ಲಿನ ಮಷಿನ್

ರಾಯಚೂರಿನ ಬಿಸಿಲಲ್ಲಿ ಮನೆ ಮುಂದೆ ಹುಲ್ಲು ಬೆಳೆಸಲು ಹೊರಟಾಗ ಓಣಿಯ ಜನ ನಕ್ಕರು. "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು" ಎಂದು ಎದುರುಮನೆಯ ಮಹಾಂತಮ್ಮ ನನಗೆ ಕೇಳಲಿ ಎಂದೇ ಗಟ್ಟಿಯಾಗಿ ಅಂದಳು. ಹೊಟ್ಟೆಗೆ ಹಿಟ್ಟು ನಮಗೀಗ ಸಾಕಷ್ಟಿದೆ. ನಾನು ದಿನಾ ಬಸ್ಸಿನಲ್ಲಿ ದೇವದುರ್ಗಕ್ಕೆ ಹೋಗಿ ಕಾಲೇಜಿನಲ್ಲಿ ಪಾಠ ಹೇಳಿ ಬರುತ್ತೇನೆ, ನನ್ನ ಗಂಡ ಯಲ್ಲಾಲಿಂಗ ಸರ್ಕಾರಿ ನೌಕರ. ನಮ್ಮ ಜುಟ್ಟಿಗೂ ಒಂದು ಮಲ್ಲಿಗೆ ಇರಲಿ ಎನ್ನಿಸಿತು, ಬೆಳೆಸಿದೆ. ಹುಲ್ಲು ಚೆನ್ನಾಗಿಯೇ ಬಂತು, ಅದರ ಜೊತೆಗೆ ತಾಪತ್ರಯವೂ ಬಂತು.

ತಾಪತ್ರಯದ ಹೆಸರು ಅಮರಮ್ಮ, ನನ್ನ ಅವ್ವ. ಮಾನ್ವಿ ಕಡೆಯ ಹಿರೇಕೊಟ್ನೆಕಲ್ಲಿನಲ್ಲಿ ನಲವತ್ತು ವರ್ಷ ಕಂಡವರ ಗದ್ದೆಯಲ್ಲಿ ಭತ್ತ ನಾಟಿ ಮಾಡಿ ನನ್ನನ್ನು ಓದಿಸಿದವಳು. ಬೆನ್ನು ಕೈಕೊಟ್ಟ ಮೇಲೆ ಹಟ ಮಾಡಿ ನನ್ನ ಮನೆಗೆ ಕರೆತಂದೆ. ಇನ್ನು ಬಗ್ಗಬಾರದು, ಕುಕ್ಕರಗಾಲಲ್ಲಿ ಕೂರಬಾರದು, ನಿಂತು ಮಾಡುವ ಕೆಲಸ ಏನಿದ್ದರೂ ಮಾಡಲಿ ಎಂದು ಡಾಕ್ಟರು ಹೇಳಿದ್ದರು. ಬಂದ ಮೂರನೇ ದಿನ ಬೆಳಿಗ್ಗೆ ಹೊರಗೆ ಬಂದು ನೋಡುತ್ತೇನೆ, ಅವ್ವ ಕುಡುಗೋಲು ಹಿಡಿದು ಹುಲ್ಲಿನ ಮೇಲೆ ಬಗ್ಗಿದ್ದಾಳೆ! ನನಗೆ ಸಿಟ್ಟು ನೆತ್ತಿಗೇರಿತು. ಕುಡುಗೋಲು ಕಸಿದುಕೊಂಡು ಅಟ್ಟದ ಮೇಲೆ ಎಸೆದೆ.

ಅವ್ವ ಒಳಗೆ ಹೋಗಿ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದಳು.

"ಎಲ್ಲಿಗಿ ಯವ್ವಾ?"

"ಊರಿಗಿ. ಕೆಲಸಿಲ್ಲದ ಮನ್ಯಾಗ ಕುಂತು ಉಣ್ಣಾಕ ನನಗ ಬರಂಗಿಲ್ಲ. ನಾ ಏನ್ ಬೀಗತಿ ಬಂದೀನೇನು?"

ಊರಿಗೆ ಹೋದರೆ ಮತ್ತೆ ಗದ್ದೆಗೆ ಇಳಿಯುತ್ತಾಳೆ, ಅದರಲ್ಲಿ ಅನುಮಾನವಿಲ್ಲ. ಕೆಲಸ ಕೊಟ್ಟರೆ ಅವಳ ಬೆನ್ನು ಹೋಗುತ್ತದೆ, ಕೊಡದಿದ್ದರೆ ಅವಳೇ ಹೋಗುತ್ತಾಳೆ. ಅತ್ತ ದರಿ, ಇತ್ತ ಪುಲಿ.

"ಆಯ್ತವಾರದ ತನಕ ತಡಿ" ಅಂದೆ. "ನಿಂತು ಹುಲ್ಲು ಕೊಯ್ಯೋ ಮಷಿನ್ ಸಿಗತಾವ. ನೀನ ಆರಿಸು, ನೀನ ನಡಸು."

ಅವ್ವ ಚೀಲದ ಬಾಯಿ ಕಟ್ಟಿದಳು, ಆದರೆ ಎತ್ತಲಿಲ್ಲ. "ನನಗ ಒಗ್ಗಲಿಲ್ಲಂದ್ರ ಅವತ್ತ ಸಂಜಿಗಿ ಮಾನ್ವಿ ಬಸ್ ಹತ್ತತೀನಿ ನೋಡು."

ಭಾನುವಾರ ಮೂವರೂ ವಲಿ ಪಾಷಾ ಅವರ ಅಂಗಡಿಗೆ ಹೋದೆವು. ಪಂಪು, ಪೈಪು, ಔಷಧಿ ಹೊಡೆಯುವ ಡಬ್ಬಿ ಮಾರುವ ಅಂಗಡಿ. ಹಿತ್ತಲಲ್ಲಿ ಹುಲ್ಲು ಬೆಳೆದ ಖುಲ್ಲಾ ಜಾಗವಿತ್ತು, ಅಲ್ಲೇ ನಡೆಸಿ ನೋಡಲು ಬಿಡುತ್ತಾರೆ. ಅವರು ಮೊದಲು ತಂದಿದ್ದು ಪೆಟ್ರೋಲಿನದು.

"ಎಮ್ಮಿ ಇದ್ದಂಗ ಅದ ನೋಡ್ರಿ ಮೇಡಂ, ಏಕದಂ ಮಜಬೂತ್."

ಅದನ್ನು ಚಾಲೂ ಮಾಡಲು ಹಗ್ಗ ಜಗ್ಗಬೇಕು. ಅವ್ವ ಒಮ್ಮೆ ಜಗ್ಗಿ ಭುಜ ಹಿಡಿದುಕೊಂಡಳು. "ಇದಕ್ಕ ಹೋರಿ ಹೂಡಪ್ಪ" ಅಂದಳು.

ನನ್ನ ಗಂಡ ವಾರವಿಡೀ ಮೊಬೈಲಿನಲ್ಲಿ ವಿಡಿಯೋ ನೋಡಿ ಪಂಡಿತನಾಗಿದ್ದ. ಅವನು ವೈರಿನ ಮಷಿನ್ ತೋರಿಸಿ, "ಇದು ಹಗುರ ಅದ ಅತ್ತಿ, ಚಾರ್ಜ್ ಮಾಡೋ ರಗಳಿನೂ ಇಲ್ಲ" ಅಂದ. ಅವ್ವ ಹುಲ್ಲಿನಲ್ಲಿ ಬಿದ್ದಿದ್ದ ಉದ್ದನೆಯ ವೈರನ್ನೇ ನೋಡಿದಳು. "ದಿನಾ ಹಾವು ದಾಟಿಕೋತ ಹುಲ್ಲು ಕೊಯ್ಲೇನಪ್ಪ?" ಪಂಡಿತ ವೈರು ಸುತ್ತತೊಡಗಿದ.

ಉಳಿದದ್ದು ಬ್ಯಾಟರಿಯದು. ಅವ್ವ ಅದರ ಮುಂದಿನ ಗಾಲಿ ಎತ್ತಿ ಭಾರ ನೋಡಿದಳು.

"ಎಷ್ಟೊತ್ತು ಓಡತದ?"

"ಅರ್ಧ ತಾಸು ಅಮ್ಮಾ."

"ನಮ್ಮ ಅಂಗಳಕ್ಕ ಅಷ್ಟ ಸಾಕು."

ವಲಿ ಪಾಷಾ ಹುಲ್ಲು ಗಿಡ್ಡಗೆ ಕತ್ತರಿಸಲೆಂದು ಮಷಿನಿನ ಅಲಗು ತಗ್ಗಿಸಿದರು. ಅವ್ವ ತಡೆದಳು. "ನಮ್ಮ ಬಿಸಲಿಗಿ ಬುಡ ಬೋಳಿಸಿದ್ರ ನಾಳಿಗಿ ಹುಲ್ಲ ಇರಂಗಿಲ್ಲ. ಮ್ಯಾಲ ಇಡು." ಅವರು ಎತ್ತರಕ್ಕಿಟ್ಟರು. ನನಗೆ ಒಳಗೊಳಗೇ ಹೆಮ್ಮೆ.

ಹಿಡಿಕೆ ಒತ್ತಿ ಹಿಡಿದದ್ದೇ ತಡ, ಮಷಿನ್ ಗುಂಯ್ ಎಂದಿತು. ಅವ್ವ ನಡೆದಳು. ಹಿಂದಕ್ಕೆ! ಮಷಿನನ್ನು ತನ್ನತ್ತಲೇ ಎಳೆದುಕೊಳ್ಳುತ್ತ, ಒಂದೊಂದೇ ಹೆಜ್ಜೆ ಹಿಂದೆ ಹಿಂದೆ ಸರಿದಳು.

"ಅಮ್ಮಾ, ಕಾಲು!" ವಲಿ ಪಾಷಾ ಕೂಗಿದರು. ಅವ್ವ ಬೆಚ್ಚಿ ಹಿಡಿಕೆ ಬಿಟ್ಟಳು. ಬಿಟ್ಟ ಕೂಡಲೇ ಮಷಿನ್ ನಿಂತಿತು.

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಗಿರಾಕಿಗಳು ಗೊಳ್ಳೆಂದು ನಕ್ಕರು. "ಮುಂದಕ್ಕ ನೂಕಬೇಕ್ರಿ ಯಮ್ಮಾ!" ಅವ್ವನ ಮುಖ ಬಾಡಿತು. ಸೆರಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಕೇಳಿದಳು: "ಮಾನ್ವಿ ಬಸ್ ಎಷ್ಟೊತ್ತಿಗದ?"

ಅವಳು ಯಾಕೆ ಹಾಗೆ ನಡೆದಳೆಂದು ಆಗ ಹೊಳೆಯಿತು. ನಾಟಿ ಮಾಡುವವರು ಮುಂದಕ್ಕೆ ನಡೆಯುವಂತಿಲ್ಲ, ಹಚ್ಚಿದ ಸಸಿ ಕಾಲಡಿ ಬೀಳುತ್ತದೆ. ಹಚ್ಚುತ್ತ ಹಚ್ಚುತ್ತ ಹಿಂದಕ್ಕೇ ಸರಿಯಬೇಕು. ಚಿಕ್ಕವಳಿದ್ದಾಗ ನಾನು ಗದ್ದೆಯ ಆಚೆ ಬದುವಿನ ಮೇಲೆ ಕೂತು ಕಾಯುತ್ತಿದ್ದೆ, ಬಗ್ಗಿದ ಬೆನ್ನುಗಳ ಸಾಲು ನನ್ನ ಕಡೆಗೆ ಬರುತ್ತಿತ್ತು. ಅದರಲ್ಲಿ ಅವ್ವನದು ಯಾವುದೆಂದು ಸೀರೆಯ ಬಣ್ಣದಿಂದ ಗುರುತಿಸುತ್ತಿದ್ದೆ.

ನಾನು ನಕ್ಕವರ ಕಡೆ ತಿರುಗಿದೆ. "ಮುಂಜಾನೆ ಅನ್ನ ಉಂಡು ಬಂದೀರಿಲ್ರಿ? ಹಿಂದಕ್ಕ ನಡದವರು ಹಚ್ಚಿದ ಭತ್ತದ್ದು ಅದು."

ಅವ್ವನ ಬಳಿ ಹೋದೆ. "ಯವ್ವಾ, ಇಲ್ಲಿ ಸಸಿ ಇಲ್ಲ. ಹುಲ್ಲದು, ತುಳದ್ರ ಏನೂ ಆಗಂಗಿಲ್ಲ."

ಅವ್ವ ಕಾಲಡಿಯ ನೆಲವನ್ನು ನೋಡಿದಳು. "ತುಳೀಬೋದಾ?"

"ತುಳಿ ಯವ್ವಾ. ಮುಂದಕ್ಕ ನಡಿ."

ಅವ್ವ ಮತ್ತೆ ಹಿಡಿಕೆ ಒತ್ತಿದಳು. ಮೊದಲ ಹೆಜ್ಜೆಗೆ ಅನುಮಾನ, ಎರಡನೆಯದಕ್ಕೆ ಸ್ವಲ್ಪ ಧೈರ್ಯ, ಆಮೇಲೆ ಗೋಡೆಯ ತನಕ ಸರಸರ ಹೋದಳು. ಸಾಲು ಹಿಡಿಯುವುದನ್ನು ಅವಳಿಗೆ ಯಾರು ಕಲಿಸಬೇಕು? ದಾರ ಹಿಡಿದಷ್ಟು ನೆಟ್ಟಗೆ ನಾಲ್ಕು ಸಾಲು ಕೊಯ್ದು ಬಂದು ನಿಂತಳು.

"ಇದ ಇರ್ಲಿ" ಅಂದಳು. "ಕೈ ಬಿಟ್ರ ನಿಂದರತದ. ಅಳಿಯಗಿಂತ ಚಂದ ಮಾತು ಕೇಳತದ." ಎಲ್ಲರಿಗಿಂತ ಜೋರಾಗಿ ನಕ್ಕವನು ಅಳಿಯನೇ.

ಸಂಜೆಯಾಯಿತು, ಮಾನ್ವಿ ಬಸ್ಸಿನ ಮಾತು ಯಾರೂ ಎತ್ತಲಿಲ್ಲ. ಸೀರೆಗಳು ಕಪಾಟಿಗೆ ಮರಳಿದವು, ಆ ಚೀಲಕ್ಕೆ ಚಾರ್ಜರ್ ಸೇರಿತು.

ಮರುದಿನ ಬೆಳಿಗ್ಗೆ ಗುಂಯ್ ಸದ್ದಿಗೆ ಮಹಾಂತಮ್ಮ ನಮ್ಮ ಗೇಟಿಗೇ ಬಂದಳು. ಸ್ವಲ್ಪ ಹೊತ್ತು ನೋಡಿ, "ನಾನೂ ಒಂದೀಟು ನೂಕ್ಲೇನು ಅಮರಕ್ಕ?" ಎಂದು ಕೇಳಿದಳು.

"ತಡೀ ಬೇ, ನನ್ನ ಸಾಲು ಮುಗೀಲಿ" ಅಂದಳು ಅವ್ವ.

ನಾನು ಬಸ್ಸಿಗೆ ಹೊರಟವಳು ಗೇಟಿನ ಬಳಿಯೇ ನಿಂತೆ. ದೂರದ ಗೋಡೆ ಮುಟ್ಟಿ, ಮಷಿನ್ ತಿರುಗಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಅವ್ವ ನನ್ನ ಕಡೆಗೆ ಬರುತ್ತಿದ್ದಳು. ಕೆಲಸ ಮಾಡುತ್ತ ನನ್ನತ್ತ ಬರುವ ಅವ್ವನ ಮುಖವನ್ನು ನಾನು ಕಂಡದ್ದು ಅದೇ ಮೊದಲು. ಅವಳು ನಗುತ್ತಿದ್ದಳು.